ದೊಡ್ಡಪ್ಪ, ನನ್ನ ಮಾತು ಸ್ವಲ್ಪ ಕೇಳಿ

ದೊಡ್ಡಪ್ಪ, ನಮಸ್ಕಾರ. ನನ್ನ ಕೆಲಸ ಹೋದದ್ದರ ಬಗ್ಗೆ ನಿನ್ನೆ ರಾತ್ರಿ ನಮ್ಮ ಮನೆಯವರ ಗ್ರೂಪಿಗೆ ನೀವು ಹಾಕಿದ ವಾಯ್ಸ್ ಮೆಸೇಜ್ ಕೇಳಿದೆ. "ಸರಿಯಾಗಿ ಕೆಲಸ ಮಾಡುವವನನ್ನು ಯಾವ ಕಂಪನಿ ತೆಗೆಯುತ್ತದೆ?" ಅಂದಿರಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಗೊತ್ತುಂಟು. ಆದರೆ ಅಮ್ಮ ಅದನ್ನು ಕೇಳಿ ಅರ್ಧ ಊಟಕ್ಕೇ ಎದ್ದರು. ಹಾಗಾಗಿ ಸ್ವಲ್ಪ ಉದ್ದವೇ ಹೇಳುತ್ತೇನೆ.

ನಾನು ಆ ಐಟಿ ಕಂಪನಿಯಲ್ಲಿ ಒಂಬತ್ತು ವರ್ಷ ಇದ್ದೆ. ಕೆಲಸ ಹೋಗುವುದಕ್ಕೆ ಹಿಂದಿನ ಗುರುವಾರವಷ್ಟೇ ಮೇಲಿನವರು ಎಲ್ಲರ ಮೀಟಿಂಗಿನಲ್ಲಿ "ಜನ ಕಡಿಮೆ ಮಾಡುವ ಯೋಚನೆ ಇಲ್ಲ" ಅಂದಿದ್ದರು. ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಒಂದು ಮೀಟಿಂಗ್ ಬಂತು. ಎಚ್‌ಆರ್‌ನವರು ಕಾಗದ ನೋಡಿ ಓದಿದರು. ನನ್ನ ತಪ್ಪು ಎಂತ ಅಂತ ಕೇಳಿದೆ. "ಕೆಲಸದ ವಿಷಯ ಅಲ್ಲ" ಅಂದರು. ಮ್ಯಾನೇಜರ್‌ಗೂ ಅವತ್ತು ಬೆಳಿಗ್ಗೆಯೇ ಗೊತ್ತಾದದ್ದಂತೆ. ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕ್. ಜೊತೆಯಲ್ಲಿ ಕೂತು ಕೆಲಸ ಮಾಡಿದವರಿಗೆ "ಬರುತ್ತೇನೆ" ಅಂತ ಒಂದು ಮೇಲ್ ಹಾಕಲೂ ಆಗಲಿಲ್ಲ. ಕೆಲಸ ಹೋದದ್ದಕ್ಕಿಂತ ಆ ಗುರುವಾರದ ಸುಳ್ಳು ನನಗೆ ಜಾಸ್ತಿ ನೋವು ಕೊಟ್ಟಿತು.

ನೀವು ಹಾಗೆ ಕೇಳಿದ್ದು ಯಾಕೆ ಅಂತ ರಾತ್ರಿಯಿಡೀ ಯೋಚಿಸಿದೆ. ನೀವು ಸಿಂಡಿಕೇಟ್ ಬ್ಯಾಂಕಿನವರು. ಬ್ಯಾಂಕಿನಲ್ಲಿ ಒಬ್ಬನ ಕೆಲಸ ಹೋಗಬೇಕಾದರೆ ಚಾರ್ಜ್‌ಶೀಟ್ ಕೊಡಬೇಕು, ಎನ್‌ಕ್ವಯರಿ ಆಗಬೇಕು, ಅವನ ಮಾತು ಕೇಳಬೇಕು. ಅಷ್ಟೆಲ್ಲ ಆಗಿ ಕೆಲಸ ಹೋಯಿತು ಅಂದರೆ ಎಂತದೋ ತಪ್ಪು ಮಾಡಿದ್ದಾನೆ ಅಂತಲೇ ಊರು ತಿಳಿಯುತ್ತಿತ್ತು. 2020ರ ಏಪ್ರಿಲ್ 1ಕ್ಕೆ ನಿಮ್ಮ ಬ್ಯಾಂಕು ಕೆನರಾದೊಳಗೆ ಸೇರಿತಲ್ವಾ? 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕಿನ ಬೋರ್ಡು ಇಳಿಯಿತು ಅಂತ ನಿಮಗೆ ಎಷ್ಟು ಬೇಜಾರಾಗಿತ್ತು ಅಂತ ನಾನು ನೋಡಿದ್ದೇನೆ. ಆದರೆ ಯಾರ ಕೆಲಸವೂ ಹೋಗುವುದಿಲ್ಲ ಅಂತ ಸರ್ಕಾರ ಮೊದಲೇ ಹೇಳಿತ್ತು.

ನಮ್ಮಲ್ಲಿ ಹಾಗಿಲ್ಲ ದೊಡ್ಡಪ್ಪ. ಇಲ್ಲಿ ತಪ್ಪು ನೋಡಿ ತೆಗೆಯುವುದಲ್ಲ, ಲೆಕ್ಕ ನೋಡಿ ತೆಗೆಯುವುದು. 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆಯಿತು. ಇದಕ್ಕೆ ಪೂರ್ತಿ ಹೊಣೆ ನನ್ನದು ಅಂತ ಅದರ ಮುಖ್ಯಸ್ಥ ಸುಂದರ್ ಪಿಚೈ ಬರೆದರು. ಮನೆಗೆ ಹೋದವರು ಮಾತ್ರ ಬೇರೆಯವರು. 2025ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಸುಮಾರು 9,000 ಜನರನ್ನು ತೆಗೆಯಿತು. ಅದೇ ಕಂಪನಿ ಎಐ ಡೇಟಾ ಸೆಂಟರ್‌ಗಳಿಗೆ ಒಂದೇ ವರ್ಷಕ್ಕೆ 8,000 ಕೋಟಿ ಡಾಲರ್ ಇಟ್ಟಿತ್ತು. ನಮ್ಮ ದೇಶದ ಟಿಸಿಎಸ್ ಕೂಡ ಆ ತಿಂಗಳೇ 12,000ಕ್ಕೂ ಜಾಸ್ತಿ ಜನರನ್ನು ಕಡಿಮೆ ಮಾಡುತ್ತೇವೆ ಅಂದಿತು. ಅದರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ದುಡಿದು ಮೇಲೆ ಬಂದವರು. ಇಷ್ಟೂ ಜನ ಸೋಮಾರಿಗಳಾಗಿರಲು ಸಾಧ್ಯವಾ?

ತಂಗಿ, ನಿನ್ನ ಆಫೀಸಿನಲ್ಲೂ ಒಬ್ಬೊಬ್ಬರನ್ನೇ ಕರೆಯುತ್ತಿದ್ದಾರೆ ಅಂದೆಯಲ್ಲ, ಇದನ್ನು ಸರಿಯಾಗಿ ಕೇಳು. "ನೀವೇ ರಾಜೀನಾಮೆ ಕೊಡಿ, ಮುಂದೆ ಬೇರೆ ಕಡೆ ಸೇರಲು ಒಳ್ಳೆಯದು" ಅಂತಾರೆ. ಅದೇ ರೂಮಿನಲ್ಲಿ ಕೂತು ಸಹಿ ಹಾಕಬೇಡ. ಹೇಳುವುದನ್ನು ಬರೆದು ಕೊಡಿ ಅಂತ ಕೇಳು. ಸಂಬಳದ ಸ್ಲಿಪ್, ಆಫರ್ ಲೆಟರ್, ನಿನ್ನ ರೇಟಿಂಗಿನ ಪತ್ರ ಎಲ್ಲ ಇವತ್ತೇ ಇಳಿಸಿಕೋ, ಆಮೇಲೆ ಒಳಗೆ ಹೋಗಲು ಬಿಡುವುದಿಲ್ಲ. ನಿನಗೆ ಐದು ವರ್ಷ ದಾಟಿದೆ, ಗ್ರಾಚ್ಯುಯಿಟಿ ನಿನ್ನ ಹಕ್ಕು. ಬೆಂಗಳೂರಿನಲ್ಲಿ ಕೆಐಟಿಯು ಅಂತ ಐಟಿಯವರ ಯೂನಿಯನ್ ಉಂಟು, ಅವರ ಹತ್ತಿರ ಮಾತಾಡು. ನಾನು ಮಾತಾಡಲಿಲ್ಲ, ಆಗ ತಲೆಯೇ ಓಡಲಿಲ್ಲ. ಮತ್ತೆ ಇನ್ಶೂರೆನ್ಸ್. ಕಂಪನಿಯದ್ದು ಕೊನೆಯ ದಿನಕ್ಕೆ ಮುಗಿಯಿತು. ಅಮ್ಮನ ಕಣ್ಣಿನ ಆಪರೇಷನ್ ಬಾಕಿ ಇತ್ತು. ಅಪ್ಪ ಅಮ್ಮನ ಹೆಸರಲ್ಲಿ ಬೇರೆಯೇ ಒಂದು ಪಾಲಿಸಿ ಈಗಲೇ ಮಾಡಿಸು.

ನಾನು ಊರಿಗೆ ಬಂದು ಮೂರು ವಾರ ಆಯಿತು. ಕಟಪಾಡಿ ಪೇಟೆಯಲ್ಲಿ ಸಿಕ್ಕಿದವರೆಲ್ಲ "ರಜೆಯಾ?" ಅಂತ ಕೇಳುತ್ತಾರೆ. ನಾನು ಇರುವುದನ್ನೇ ಹೇಳುತ್ತೇನೆ. ಅಮ್ಮನಿಗೆ ಇನ್ನೂ ಅಷ್ಟು ಧೈರ್ಯ ಬಂದಿಲ್ಲ, ಮದುವೆ ಮನೆಗೂ ಹೋಗುತ್ತಿಲ್ಲ.

ದೊಡ್ಡಪ್ಪ, ನಾಳೆ ಬೆಳಿಗ್ಗೆ ಅಮ್ಮನಿಗೊಂದು ಫೋನ್ ಮಾಡಿ. ನನ್ನ ತಪ್ಪಲ್ಲ ಅಂತ ನಾನು ನೂರು ಸಲ ಹೇಳಿದ್ದೇನೆ. ನೀವು ಒಂದು ಸಲ ಹೇಳಿದರೆ ಅವರು ನಂಬುತ್ತಾರೆ.