ಕಾರ್ಖಾನೆ ಛಾವಣಿಗೆ ಸೋಲಾರ್: ಮೂರು ಕೊಟೇಶನ್, ಮೂರು ಲೆಕ್ಕ

ಪ್ರಶ್ನೆ

ನಮ್ಮದೊಂದು ಪ್ಯಾಕಿಂಗ್ ಘಟಕ. ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ ಎರಡು ಪಾಳಿ ಕೆಲಸ. ಮೇಲೆ ಸುಮಾರು 1,500 ಚದರ ಮೀಟರ್ ತಗಡಿನ ಶೀಟ್ ಛಾವಣಿ ಇದೆ. ಸೋಲಾರ್ ಹಾಕಿಸೋಣ ಅಂತ ಮೂವರನ್ನು ಕರೆಸಿದೆ. ಒಬ್ಬರು 100 ಕಿಲೋವ್ಯಾಟ್ ಸಾಕು ಅಂದರು. ಇನ್ನೊಬ್ಬರು 150 ಬೇಕು ಅಂದರು. ಮೂರನೆಯವರು 220ಕ್ಕೆ ಕೊಟೇಶನ್ ಕೊಟ್ಟಿದ್ದಾರೆ. ಛಾವಣಿ ಅದೇ, ಬಿಲ್ಲೂ ಅದೇ. ಯಾಕಿಷ್ಟು ವ್ಯತ್ಯಾಸ? ಎಲ್ಲಿಂದ ಶುರು ಮಾಡಬೇಕು, ಕೆಲಸ ಹೇಗೆ ನಡೆಯುತ್ತದೆ? ಹಾಕಿಸಿದವರು ದಯವಿಟ್ಟು ಅನುಭವ ಹೇಳಿ.

ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ ನಡೆಸುವವರು

ವ್ಯತ್ಯಾಸ ಎಲ್ಲಿಂದ ಬಂತು ಅಂತ ನನಗೆ ಅನ್ನಿಸುವುದನ್ನು ಹೇಳುತ್ತೇನೆ. 220 ಅಂದವರು ನಿಮ್ಮ ಛಾವಣಿ ಅಳೆದಿದ್ದಾರೆ. 150 ಅಂದವರು ತಿಂಗಳ ಬಿಲ್ಲಿನ ಯೂನಿಟ್ ಭಾಗಿಸಿದ್ದಾರೆ. 100 ಅಂದವರು ಹಗಲಲ್ಲಿ ಎಷ್ಟು ಲೋಡ್ ಇರುತ್ತದೆ ಅಂತ ಕೇಳಿರಬೇಕು. ನೆನಪು ಮಾಡಿಕೊಳ್ಳಿ, ಆ ಪ್ರಶ್ನೆ ಕೇಳಿದವರು ಯಾರು?

ನಾನು ಎಡವಿದ್ದು ಇಲ್ಲೇ. ತಿಂಗಳ ಬಿಲ್ಲು ನೋಡಿ ಅಳತೆ ನಿರ್ಧರಿಸಿದೆ. ನಮಗೂ ಸಂಜೆ ಪಾಳಿ ಇದೆ. ಆ ಯೂನಿಟ್‌ಗಳೂ ಬಿಲ್ಲಲ್ಲಿ ಸೇರಿರುತ್ತವೆ, ಆದರೆ ಆಗ ಬಿಸಿಲು ಎಲ್ಲಿರುತ್ತದೆ? ವಾರದ ರಜೆಯ ದಿನ ಇನ್ನೂ ಬೇಜಾರು. ಆವತ್ತು ಉರಿಯುವುದು ನಾಲ್ಕು ದೀಪ, ಒಂದು ಪಂಪು. ಹೆಚ್ಚಾದದ್ದನ್ನು ಗ್ರಿಡ್‌ಗೆ ಬಿಡಲು ನಮಗೆ ಅನುಮತಿ ಇಲ್ಲ. ಹಾಗಾಗಿ ಇನ್ವರ್ಟರ್ (ಪ್ಯಾನಲಿನ ಡಿಸಿ ಕರೆಂಟನ್ನು ಎಸಿ ಮಾಡುವ ಪೆಟ್ಟಿಗೆ) ಉತ್ಪಾದನೆ ತಗ್ಗಿಸಿಕೊಂಡು ಸುಮ್ನೆ ಕೂರುತ್ತದೆ. ಏಳು ದಿನಕ್ಕೆ ಒಂದು ದಿನ ಅಂದರೆ ವರ್ಷದ ಉತ್ಪಾದನೆಯಲ್ಲಿ ಶೇ 14. ಹೆಚ್ಚುಕಡಿಮೆ ಅಷ್ಟೂ ನಮ್ಮ ಕೈತಪ್ಪಿ ಹೋಗುತ್ತಿದೆ.

ಅದಕ್ಕೇ ಮೊದಲು ಮೀಟರಿನಿಂದ 15 ನಿಮಿಷಕ್ಕೊಂದು ರೀಡಿಂಗ್ ತೆಗೆಸಿ. ಒಂದು ವರ್ಷದ್ದು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎರಡು ವಾರ ಲಾಗರ್ (ಲೋಡನ್ನು ದಾಖಲಿಸುವ ಉಪಕರಣ) ಕಟ್ಟಿಸಿ. ಮಿಕ್ಕಿದ ವಿದ್ಯುತ್ತನ್ನು ನಿಮ್ಮ ವಿದ್ಯುತ್ ಕಂಪನಿ ತೆಗೆದುಕೊಳ್ಳುತ್ತದಾ, ತೆಗೆದುಕೊಂಡರೆ ಯಾವ ಲೆಕ್ಕದಲ್ಲಿ, ಅದನ್ನು ಬರಹದಲ್ಲಿ ಕೇಳಿ. ಇವೆರಡೂ ಕೈಗೆ ಬರದೆ ಕಿಲೋವ್ಯಾಟ್ ಮಾತು ಬೇಡ.

ಇನ್ನೊಂದು. ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಅಂತ ಇರುತ್ತದಲ್ಲ, ಗರಿಷ್ಠ ಲೋಡಿಗೆ ಹಾಕುವ ಶುಲ್ಕ, ಅದು ಸೋಲಾರ್ ಹಾಕಿದ ಮಾತ್ರಕ್ಕೆ ಇಳಿಯುವುದಿಲ್ಲ. ನಿಮ್ಮ ಗರಿಷ್ಠ ಲೋಡ್ ಸಂಜೆ 7ಕ್ಕೆ ಬಿದ್ದರೆ ಪ್ಯಾನಲ್ ಏನೂ ಮಾಡಲಾರದು. ಉಳಿತಾಯದ ಲೆಕ್ಕದಲ್ಲಿ ಅದನ್ನೂ ಸೇರಿಸಿದ್ದಾರಾ ನೋಡಿ.

ಕಟ್ಟಡಗಳ ಸ್ಟ್ರಕ್ಚರ್ ಪರೀಕ್ಷಿಸುವ ಎಂಜಿನಿಯರ್

ಶೀಟ್ ಎಷ್ಟು ಹಳೆಯದು ಅಂತ ಹೇಳಿಲ್ಲ ನೀವು. ನನಗೆ ಬೇಕಾದ ಮೊದಲ ಮಾಹಿತಿ ಅದು. ಪ್ಯಾನಲ್ 25 ವರ್ಷ ಇರುತ್ತದೆ. ಶೀಟ್ ಎಂಟು ವರ್ಷಕ್ಕೆ ತುಕ್ಕು ಹಿಡಿದರೆ ಎಲ್ಲವನ್ನೂ ಬಿಚ್ಚಿ, ಶೀಟ್ ಬದಲಿಸಿ, ಮತ್ತೆ ಕಟ್ಟಬೇಕು. ಹಳೆಯ ಶೀಟಾದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಸೋಲಾರ್.

ಭಾರ ಅಂದ ತಕ್ಷಣ ಎಲ್ಲರೂ ಪ್ಯಾನಲ್ ತೂಕ ಕೇಳುತ್ತಾರೆ. 550 ವ್ಯಾಟಿನ ಒಂದು ಪ್ಯಾನಲ್ ಹತ್ತಿರ ಹತ್ತಿರ 28 ಕಿಲೋ. ಶೀಟಿಗೆ ಸಮಾನಾಂತರವಾಗಿ ಕೂರಿಸಿದರೆ ಚೌಕಟ್ಟೂ ಸೇರಿ ಚದರ ಮೀಟರಿಗೆ ಸುಮಾರು 15 ಕಿಲೋ ಬೀಳುತ್ತದೆ. ಹೆಚ್ಚಿನ ಶೆಡ್‌ಗಳಲ್ಲಿ ತೊಂದರೆ ಕೊಡುವುದು ಗಾಳಿ. ಬಿರುಗಾಳಿ ಪ್ಯಾನಲನ್ನು ಕೆಳಗೆ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುತ್ತದೆ. ಅದೂ ಛಾವಣಿಯ ಅಂಚು, ಮೂಲೆಗಳಲ್ಲಿ ಜಾಸ್ತಿ. ಕ್ಲ್ಯಾಂಪನ್ನು ಬರೀ ಶೀಟಿಗೆ ಕಚ್ಚಿಸಿದ್ದಾರಾ, ಕೆಳಗಿನ ಪರ್ಲಿನ್‌ಗೆ (ಶೀಟನ್ನು ಹೊರುವ ಅಡ್ಡಪಟ್ಟಿಗೆ) ಬಿಗಿದಿದ್ದಾರಾ, ಆ ಪರ್ಲಿನ್ ಆ ಎಳೆತ ತಾಳುತ್ತದಾ ಅಂತ ಲೆಕ್ಕ ಹಾಕಿ ಸಹಿ ಮಾಡುವ ಎಂಜಿನಿಯರ್ ಬೇಕು. ನೋಟದ ಅಂದಾಜು ಸಾಲದು.

220 ಕಿಲೋವ್ಯಾಟಿಗೆ 400 ಪ್ಯಾನಲ್ ಬೇಕು. ಒಂದೊಂದೂ ಎರಡೂವರೆ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಗಾಜೇ ಸಾವಿರ ಚದರ ಮೀಟರ್ ದಾಟುತ್ತದೆ. ನಿಮ್ಮ 1,500ರಲ್ಲಿ ಇದು ಹಿಡಿಯುವುದೇನೋ ಹಿಡಿಯುತ್ತದೆ. ಆದರೆ ನಡೆಯುವ ದಾರಿ, ಬೆಳಕಿನ ಶೀಟು, ಗಾಳಿಯಾಡಿಸುವ ಯಂತ್ರಗಳ ಜಾಗ ಕಳೆದ ಮೇಲೆ ಏನು ಉಳಿಯಿತು ನೋಡಿ. ಬೆಳಕಿಗೆಂದು ಹಾಕಿದ ಪಾರದರ್ಶಕ ಶೀಟಿನ ಮೇಲೆ ಕಾಲಿಟ್ಟು ಕೆಳಗೆ ಬಿದ್ದವರಿದ್ದಾರೆ. ಅವಕ್ಕೆಲ್ಲ ಜಾಲರಿ, ಸುತ್ತ ಲೈಫ್‌ಲೈನ್ (ಕೆಲಸಗಾರರು ಬೆಲ್ಟ್ ಸಿಕ್ಕಿಸಿಕೊಳ್ಳುವ ಹಗ್ಗ) ಬೇಕು. ಇದು ಕೊಟೇಶನ್‌ನಲ್ಲಿ ಇಲ್ಲದಿದ್ದರೆ ಸೇರಿಸಲು ಹೇಳಿ.

ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್, ಸುಮಾರು 40 ಛಾವಣಿಗಳ ಅನುಭವ

ಮೇಲಿನ ಎರಡೂ ಮಾತು ಒಪ್ಪುತ್ತೇನೆ. ನನ್ನ ಪಾಲಿನದು ಪವರ್ ಫ್ಯಾಕ್ಟರ್, ಅಂದರೆ ಗ್ರಿಡ್‌ನಿಂದ ಎಳೆದ ಪವರ್‌ನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ಇದನ್ನು ಮಾಲೀಕರಿಗೆ ಯಾರೂ ಮೊದಲೇ ಹೇಳುವುದಿಲ್ಲ.

ಒಂದು ಕಾರ್ಖಾನೆಗೆ ನಾವು ಹಾಕಿಕೊಟ್ಟ ಮೇಲೆ ಮೊದಲ ತಿಂಗಳೇ ದಂಡ ಬಂತು. ಮಾಲೀಕರು ಫೋನ್ ಮಾಡಿ, 'ವಿದ್ಯುತ್ ಕಡಿಮೆ ಬಳಸಿದ್ದಕ್ಕೆ ದಂಡವಾ?' ಅಂದರು. ಆದದ್ದು ಇಷ್ಟು. ಅವರ ಲೋಡ್ 200 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.95. ಅಂದರೆ ಮೋಟರುಗಳು ಸುಮಾರು 66 ಕೆವಿಎಆರ್ (ಅದನ್ನು ಅಳೆಯುವ ಮಾನ) ರಿಯಾಕ್ಟಿವ್ ಪವರ್, ಅಂದರೆ ಕೆಲಸ ಮಾಡದೆ ಮೋಟರಿನ ಕಾಂತಕ್ಷೇತ್ರಕ್ಕಷ್ಟೇ ಬೇಕಾದ ಪವರ್, ಕೂಡ ಎಳೆಯುತ್ತಿದ್ದವು. ಮಧ್ಯಾಹ್ನ ಸೋಲಾರ್ 150 ಕಿಲೋವ್ಯಾಟ್ ಕೊಟ್ಟಿತು. ಗ್ರಿಡ್‌ನಿಂದ ಬರುವುದು ಬರೀ 50 ಉಳಿಯಿತು. ಆದರೆ ಆ 66 ಮಾತ್ರ ಗ್ರಿಡ್‌ನಿಂದಲೇ ಬರುತ್ತಿದೆ. ಮೀಟರಿಗೆ ಕಾಣುವ ಪವರ್ ಫ್ಯಾಕ್ಟರ್ 0.6ಕ್ಕೆ ಇಳಿಯಿತು, ಅದಕ್ಕೇ ದಂಡ. ಯಂತ್ರಗಳು ಬದಲಾಗಿಲ್ಲ, ಲೆಕ್ಕ ಬದಲಾಯಿತು.

ಇದಕ್ಕೆ ಮದ್ದು ಇದೆ, ಕಷ್ಟವೂ ಅಲ್ಲ. ಇನ್ವರ್ಟರ್‌ಗೇ ಸ್ವಲ್ಪ ರಿಯಾಕ್ಟಿವ್ ಪವರ್ ಕೊಡುವಂತೆ ಸೆಟ್ಟಿಂಗ್ ಮಾಡಬಹುದು. ಕೆಪಾಸಿಟರ್ ಪ್ಯಾನಲ್ (ರಿಯಾಕ್ಟಿವ್ ಪವರ್ ಒದಗಿಸುವ ಪೆಟ್ಟಿಗೆ) ಇದ್ದರೆ ಅದರ ಸಿಟಿ (ಕರೆಂಟ್ ಅಳೆಯುವ ಸಾಧನ) ಗ್ರಿಡ್ ಬರುವ ಕಡೆ, ಸೋಲಾರ್ ಸೇರುವ ಜಾಗಕ್ಕಿಂತ ಮುಂಚೆ ಇರಬೇಕು. ನಾವು ಸಿಟಿ ಜಾಗ ಬದಲಿಸಿದೆವು, ಕೆಪಾಸಿಟರ್ ಹಂತಗಳನ್ನು ಚಿಕ್ಕದು ಮಾಡಿದೆವು. ಮುಂದಿನ ಬಿಲ್ಲಲ್ಲಿ ದಂಡ ಇರಲಿಲ್ಲ. ವಿನ್ಯಾಸದ ಹಂತದಲ್ಲೇ ಇದನ್ನು ನೋಡಿದ್ದರೆ ಆ ಒಂದು ತಿಂಗಳ ಕಿರಿಕಿರಿಯೂ ಇರುತ್ತಿರಲಿಲ್ಲ.

ಜನರೇಟರ್ ಇದೆಯಾ ನಿಮ್ಮಲ್ಲಿ? ಗ್ರಿಡ್ ಹೋದರೆ ಸಾಮಾನ್ಯ ಸೋಲಾರ್ ಇನ್ವರ್ಟರ್ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಈ ವ್ಯವಸ್ಥೆ. ಜನರೇಟರ್ ಓಡಿದಾಗ ಅದನ್ನೇ ಗ್ರಿಡ್ ಅಂದುಕೊಂಡು ಇನ್ವರ್ಟರ್ ಮತ್ತೆ ಶುರುವಾಗಬಹುದು. ಆಗ ಸೋಲಾರ್ ಹೆಚ್ಚಾಗಿ ಜನರೇಟರ್ ಲೋಡ್ ಶೇ 30ಕ್ಕಿಂತ ಕೆಳಗೆ ಬಹಳ ಹೊತ್ತು ನಿಂತರೆ ಡೀಸೆಲ್ ಎಂಜಿನ್ ಕೆಡುತ್ತದೆ. ಕರೆಂಟ್ ಜನರೇಟರ್ ಕಡೆಗೇ ತಿರುಗಿ ಹರಿದರಂತೂ ಆಲ್ಟರ್ನೇಟರ್‌ಗೇ (ಅದರಲ್ಲಿ ವಿದ್ಯುತ್ ಹುಟ್ಟಿಸುವ ಭಾಗಕ್ಕೇ) ಪೆಟ್ಟು. ಎರಡನ್ನೂ ಹೊಂದಿಸುವ ಕಂಟ್ರೋಲರ್ ಬೇಕೇ ಬೇಕು.

ಸ್ಟ್ರಿಂಗ್ (ಒಂದರ ಹಿಂದೆ ಒಂದು ಜೋಡಿಸಿದ ಪ್ಯಾನಲ್ ಸಾಲು) ಲೆಕ್ಕವನ್ನೂ ಒಮ್ಮೆ ಕೇಳಿ ನೋಡಿ. ಪ್ಯಾನಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ. 50 ವೋಲ್ಟಿನ 20 ಪ್ಯಾನಲ್ ಸಾಲಾಗಿ ಸೇರಿಸಿದರೆ 25 ಡಿಗ್ರಿಯಲ್ಲಿ 1,000 ವೋಲ್ಟ್. ಪ್ಯಾನಲ್ 5 ಡಿಗ್ರಿಗೆ ಇಳಿದ ಚಳಿಯ ಬೆಳಗ್ಗೆ ಅದೇ ಸಾಲು 1,050 ದಾಟುತ್ತದೆ. ಗರಿಷ್ಠ 1,000 ವೋಲ್ಟ್ ತಾಳುವ ಇನ್ವರ್ಟರ್ ಆದರೆ ಅಲ್ಲಿಗೆ ಮುಗಿಯಿತು. ನಿಮ್ಮ ಜಾಗದ ಅತಿ ಕಡಿಮೆ ಉಷ್ಣಾಂಶ ಎಷ್ಟು ಹಿಡಿದಿದ್ದೀರಿ ಅಂತ ಕೇಳಿದರೆ ವಿನ್ಯಾಸ ಮಾಡಿದವರು ಥಟ್ಟನೆ ಉತ್ತರ ಕೊಡಬೇಕು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಶೀಟ್ ಹಾಕಿ ಮೂರು ವರ್ಷ ಆಗಿದೆ. ಜನರೇಟರ್ ಇದೆ. ಮೀಟರ್ ರೀಡಿಂಗ್ ತೆಗೆಸಿದೆ. ಕೆಲಸದ ದಿನ ಹಗಲು 120ರಿಂದ 140 ಕಿಲೋವ್ಯಾಟ್. ಊಟದ ಹೊತ್ತಲ್ಲಿ ಅರ್ಧ ಗಂಟೆ 60ಕ್ಕೆ ಇಳಿಯುತ್ತದೆ. ರಜೆಯ ದಿನ 18. ಗರಿಷ್ಠ ಲೋಡ್ ಸಂಜೆ 6ರ ನಂತರವೇ. ಮಿಕ್ಕಿದ್ದನ್ನು ಗ್ರಿಡ್‌ಗೆ ಬಿಡಲು ಅವಕಾಶ ಇಲ್ಲವಂತೆ. ಹಗಲಿನ ಲೋಡ್ ಬಗ್ಗೆ ಕೇಳಿದ್ದು 100 ಕಿಲೋವ್ಯಾಟ್‌ನವರೇ, ನೀವು ಹೇಳಿದ್ದು ಸರಿ.

ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ ನಡೆಸುವವರು

ಹಾಗಾದರೆ 220 ಬಿಟ್ಟುಬಿಡಿ. ಪ್ಯಾನಲ್ ಮೇಲೆ ಬರೆದ ವ್ಯಾಟ್ ಪ್ರಯೋಗಾಲಯದ್ದು: ಚದರ ಮೀಟರಿಗೆ 1,000 ವ್ಯಾಟ್ ಬಿಸಿಲು, ಸೆಲ್ 25 ಡಿಗ್ರಿ. ಶೀಟಿನ ಮೇಲೆ ಸೆಲ್ 65 ಡಿಗ್ರಿ ಮುಟ್ಟುತ್ತದೆ. ಡಿಗ್ರಿಗೆ ಶೇ 0.35ರಂತೆ ಹಿಡಿದರೂ ಶೇ 14 ಅಲ್ಲೇ ಹೋಯಿತು. ಧೂಳು, ತಂತಿ, ಇನ್ವರ್ಟರ್ ಅಂತ ಇನ್ನಷ್ಟು. 100 ಅಂತ ಹಾಕಿದ್ದು ಮಧ್ಯಾಹ್ನ 80 ಕೊಟ್ಟರೆ ಚೆನ್ನಾಗಿದೆ ಅಂತಲೇ ಲೆಕ್ಕ. 150 ಹಾಕಿದರೆ 120. ನಿಮ್ಮ ಹಗಲಿನ ಲೋಡ್ ಕೂಡ ಅಲ್ಲೇ ಇದೆ. ಆದರೆ ಊಟದ ಹೊತ್ತಿನಲ್ಲಿ, ರಜೆಯ ದಿನ ಪೋಲಾಗುತ್ತದೆ. 100ರಿಂದ 150ರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಆ 15 ನಿಮಿಷದ ರೀಡಿಂಗ್ ಮೇಲೆ ಸೋಲಾರ್ ಉತ್ಪಾದನೆಯ ಗೆರೆ ಇಟ್ಟು ನೋಡಿ. ಮೂವರಿಗೂ ಅದೇ ಫೈಲ್ ಕಳಿಸಿ ಹೊಸ ಕೊಟೇಶನ್ ಕೇಳಿ. ಒಂದೇ ಲೆಕ್ಕದ ಮೇಲೆ ಬಂದರೆ ಮಾತ್ರ ಹೋಲಿಸಲು ಆಗುತ್ತದೆ, ಅಲ್ವಾ?

ಊಟದ ಸಮಯವನ್ನು ಎರಡು ತಂಡಕ್ಕೆ ಹಂಚಲು ಆಗುತ್ತದಾ ಯೋಚಿಸಿ. ನಾವು ಹಾಗೆ ಮಾಡಿದ್ದೇವೆ. ಚಿಲ್ಲರ್, ನೀರಿನ ಪಂಪುಗಳನ್ನೂ ಮಧ್ಯಾಹ್ನಕ್ಕೆ ತಳ್ಳಿದ್ದೇವೆ.

ಸೈಟ್ ಸೂಪರ್‌ವೈಸರ್

ಕೆಲಸ ಹೇಗೆ ನಡೆಯುತ್ತದೆ ಅಂತ ಕೇಳಿದ್ದಿರಲ್ಲ. ಸರ್ವೆ, ವಿನ್ಯಾಸ, ಗ್ರಿಡ್‌ಗೆ ಸೇರಿಸುವ ಅನುಮತಿಗೆ ಅರ್ಜಿ, ಸಾಮಾನು ತರಿಸುವುದು, ಚೌಕಟ್ಟು, ಪ್ಯಾನಲ್, ತಂತಿ, ಇನ್ವರ್ಟರ್, ಪರೀಕ್ಷೆ, ತಪಾಸಣೆ, ಚಾಲನೆ. ನಿಮ್ಮ ಅಳತೆಗೆ ಛಾವಣಿ ಮೇಲಿನ ಕೆಲಸ ಕೆಲವೇ ವಾರ. ಕಾಯಿಸುವುದು ಅನುಮತಿ. ಹಾಗಾಗಿ ವಿನ್ಯಾಸ ಮುಗಿದ ದಿನವೇ ಅರ್ಜಿ ಹಾಕಿಸಿ. ಅನುಮತಿ ಬರುವ ಮುಂಚೆ ಪ್ಯಾನಲ್ ತರಿಸಿ ಅಂಗಳದಲ್ಲಿ ಒಟ್ಟಿಕೊಳ್ಳಬೇಡಿ.

ನನ್ನ ಮನಸ್ಸಿನಲ್ಲಿ ಕೂತಿರುವ ಒಂದು ಘಟನೆ ಹೇಳಲೇಬೇಕು. ಒಂದು ಸೈಟಿನಲ್ಲಿ ಕನೆಕ್ಟರ್ ಸಾಲಲಿಲ್ಲ. ಹುಡುಗರು ಬೇರೆ ಕಂಪನಿಯ ಕನೆಕ್ಟರ್ ತಂದು ಸೇರಿಸಿದರು. ಟಕ್ ಅಂತ ಕೂತುಕೊಂಡಿತು, ನಾನೂ ಬಿಟ್ಟೆ. ಏಳು ತಿಂಗಳಿಗೆ ಅದು ಕಾದು ಕರಗಿತು. ಪುಣ್ಯಕ್ಕೆ ಥರ್ಮಲ್ ಕ್ಯಾಮೆರಾದಲ್ಲಿ ಸಿಕ್ಕಿತು, ಬೆಂಕಿ ಆಗಲಿಲ್ಲ. ಹೊರಗೆ ಒಂದೇ ಥರ ಕಂಡರೂ ಒಳಗಿನ ಲೋಹ, ಅಳತೆ ಬೇರೆ. ಅವತ್ತಿನಿಂದ ನನ್ನ ನಿಯಮ: ಜೋಡಿಯ ಎರಡೂ ತುದಿ ಒಂದೇ ತಯಾರಕರದ್ದು, ಅದರದೇ ಕ್ರಿಂಪಿಂಗ್ ಟೂಲ್ (ತಂತಿಗೆ ಕನೆಕ್ಟರ್ ಒತ್ತಿ ಬಿಗಿಯುವ ಸಾಧನ). ಕಟಿಂಗ್ ಪ್ಲೇಯರ್‌ನಲ್ಲಿ ಒತ್ತುವವರನ್ನು ಛಾವಣಿಯಿಂದ ಕೆಳಗಿಳಿಸುತ್ತೇನೆ.

ಡಿಸಿ ಕರೆಂಟಿನ ಕಿಡಿ ಒಮ್ಮೆ ಹತ್ತಿದರೆ ತಾನಾಗಿ ಆರುವುದಿಲ್ಲ. ಬಿಸಿಲಿರುವವರೆಗೂ ಪ್ಯಾನಲ್ ವೋಲ್ಟೇಜ್ ಕೊಡುತ್ತಲೇ ಇರುತ್ತದೆ, ಆಫ್ ಮಾಡುವ ಸ್ವಿಚ್ ಅದಕ್ಕಿಲ್ಲ. ತಂತಿ ಶೀಟಿಗೆ ಉಜ್ಜಬಾರದು, ನೀರು ನಿಲ್ಲುವಲ್ಲಿ ಬಿದ್ದಿರಬಾರದು. ಹುಡುಗರು ಪ್ಯಾನಲ್ ಮೇಲೆ ಕಾಲಿಟ್ಟು ನಡೆಯುವುದನ್ನು ಕಂಡರೆ ತಕ್ಷಣ ನಿಲ್ಲಿಸಿ. ಗಾಜು ಒಡೆಯುವುದಿಲ್ಲ, ಒಳಗಿನ ಸೆಲ್ ಸೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ವರ್ಷ ಕಳೆದ ಮೇಲೆ ಉತ್ಪಾದನೆಯಲ್ಲಿ ಕಾಣುತ್ತದೆ.

ಕೊನೆಯ ಕಂತು ಕೊಡುವ ಮುಂಚೆ ಪ್ರತಿ ಸ್ಟ್ರಿಂಗಿನ ಪರೀಕ್ಷಾ ಹಾಳೆ ಕೈಗೆ ತೆಗೆದುಕೊಳ್ಳಿ: ಅರ್ತಿಂಗ್ ಜೋಡಣೆ, ಪೊಲಾರಿಟಿ, ಓಪನ್ ಸರ್ಕ್ಯೂಟ್ ವೋಲ್ಟೇಜ್, ಕರೆಂಟ್, ಇನ್ಸುಲೇಷನ್. ಐಇಸಿ 62446 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದಕ್ಕೇ ಇದೆ. 'ಎಲ್ಲಾ ಓಕೆ' ಅಂತ ಒಂದು ಸಾಲು ಬರೆದ ಹಾಳೆ ಒಪ್ಪಬೇಡಿ.

ಗೋದಾಮಿಗೆ ಹಾಕಿಸಿ ಆರು ವರ್ಷ ಆದವರು

ನಾವು ಸ್ವಂತ ಹಣ ಹಾಕಲಿಲ್ಲ. ಕಂಪನಿಯೇ ಹಾಕಿ, ನಾವು ಯೂನಿಟ್‌ಗೆ ಇಷ್ಟು ಅಂತ ಕೊಡುವ ಒಪ್ಪಂದ. ನಡೆಯುತ್ತಿದೆ, ತಪ್ಪಿಲ್ಲ. ಆದರೆ ಛಾವಣಿ ಸೋರಿದಾಗ ಯಾರು ಹೊಣೆ ಅಂತ ಒಪ್ಪಂದದಲ್ಲಿ ಬರೆದಿರಲಿಲ್ಲ. ಒಂದು ಇಡೀ ಮಳೆಗಾಲ ಪತ್ರ ಬರೆಯುವುದರಲ್ಲೇ ಹೋಯಿತು. ಒಳಗೆ ಸರಕು ನೆನೆಯುತ್ತಿತ್ತು. ಸೋರಿಕೆ, ವಿಮೆ, ಮಧ್ಯದಲ್ಲಿ ಕಟ್ಟಡ ಮಾರಿದರೆ ಏನು, ಅವಧಿ ಮುಗಿದ ಮೇಲೆ ಪ್ಯಾನಲ್ ಯಾರದು, ಎಲ್ಲ ಬರೆಸಿಕೊಳ್ಳಿ. ಸ್ವಂತ ಹಣ ಹಾಕುವುದಾದರೆ 10-15 ವರ್ಷಕ್ಕೆ ಇನ್ವರ್ಟರ್ ಬದಲಿಸಲು ಈಗಲೇ ಹಣ ತೆಗೆದಿಡಿ. ಪ್ಯಾನಲ್ ಬಾಳಿದಷ್ಟು ಅದು ಬಾಳುವುದಿಲ್ಲ.

ಪ್ರಶ್ನೆ ಕೇಳಿದವರು

ಇನ್ನೊಂದೇ ಪ್ರಶ್ನೆ. ತೊಳೆಯುವುದಕ್ಕೆ ಬೋರ್‌ವೆಲ್ ನೀರು ಆಗುತ್ತದಾ? ನಮ್ಮದು ಗಡಸು ನೀರು.

ಸೈಟ್ ಸೂಪರ್‌ವೈಸರ್

ಬೇಡ. ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ, ತೆಗೆಯುವುದು ಕಷ್ಟ. ಮೆದು ಮಾಡಿದ ನೀರು ಬಳಸಿ. ಬೆಳಗ್ಗೆ ಬಿಸಿಲು ಏರುವ ಮುಂಚೆ ತೊಳೆಸಿ, ಕಾದ ಗಾಜಿಗೆ ತಣ್ಣೀರು ಬೀಳಬಾರದು. ಛಾವಣಿಗೆ ನೀರಿನ ಪೈಪು, ನಲ್ಲಿ ಯಾವ ಜಾಗದಲ್ಲಿ ಬೇಕು ಅಂತ ಈಗಲೇ ಡ್ರಾಯಿಂಗ್‌ನಲ್ಲಿ ಗುರುತು ಮಾಡಿಸಿ. ಪ್ಯಾನಲ್ ಕೂತ ಮೇಲೆ ಪೈಪ್ ಎಳೆಯಲು ಜಾಗ ಇರುವುದಿಲ್ಲ.