‘ಸ್ಟಾಫ್ ಕಾಲೇಜ್’ಗೆ ಕನ್ನಡದಲ್ಲಿ ಏನನ್ನಬೇಕು? (ಫಲಕ ನಾಳೆ ಮುದ್ರಣಕ್ಕೆ)

ಬಲ್ಲವರು ದಯವಿಟ್ಟು ಬೇಗ ತಿಳಿಸಿ. ಕಾರ್ಯಪ್ಪನವರ ಕುರಿತ ಪ್ರದರ್ಶನಕ್ಕೆ ನಾಲ್ಕಡಿ ಅಗಲದ ಫಲಕವೊಂದು ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ಮೂಲದಲ್ಲಿರುವುದು ಮೂರೇ ಸಾಲು: 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ, 1947ರಲ್ಲಿ ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜು, 1949ರ ಜನವರಿ 15ರಂದು ಕಮಾಂಡರ್-ಇನ್-ಚೀಫ್. ಅನುವಾದಕರು ಕಳಿಸಿದ್ದು: ‘ಸಿಬ್ಬಂದಿ ಕಾಲೇಜು’, ‘ಸಾಮ್ರಾಜ್ಯ ರಕ್ಷಾ ಅಕಾಡೆಮಿ’, ‘ಭೂಸೇನಾ ಸಿಬ್ಬಂದಿ ಮುಖ್ಯಸ್ಥ’. ಮೂರೂ ಕಿವಿಗೆ ಒಗ್ಗುತ್ತಿಲ್ಲ.
— ವಿ.ಕೆ.

‘ಸಿಬ್ಬಂದಿ ಕಾಲೇಜು’ ಎಂದರೆ ಗುಮಾಸ್ತರ ತರಬೇತಿ ಕೇಂದ್ರ. ಇಲ್ಲಿ ಸ್ಟಾಫ್ ಎಂದರೆ ಸೇನಾಪತಿಯ ಪರವಾಗಿ ಯೋಜನೆ ಹಾಕುವ, ಶತ್ರುವಿನ ಸುಳಿವು ಕಲೆಹಾಕುವ, ಸರಬರಾಜು ನೋಡಿಕೊಳ್ಳುವ, ಆದೇಶ ಬರೆದು ಕೆಳಗೆ ಕಳಿಸುವ ಅಧಿಕಾರಿಗಳು. ಮೂಲಕ್ಕೇ ಹೋಗಿ: ಸ್ಟಾಫ್ ಎಂದರೆ ಕೋಲು, ಜರ್ಮನ್ನಿನ ‘ಸ್ಟಾಬ್’ ಕೂಡ ಅದೇ, ಅಧಿಕಾರದ ಕೋಲು. ನಮ್ಮಲ್ಲಿ ಅದು ‘ದಂಡ’. ದಂಡು, ದಂಡನಾಯಕ, ಶಾಸನಗಳ ದಣ್ಣಾಯಕ, ಎಲ್ಲ ಅದರ ಮಕ್ಕಳೇ. ‘ದಂಡವಿದ್ಯಾಲಯ’ ಎಂದು ಧೈರ್ಯವಾಗಿ ಹಾಕಿ.
— ಎಸ್.ಎನ್.

ಹಾಕಿ ಸ್ವಾಮಿ. ಹೆಲ್ಮೆಟ್ಟಿಲ್ಲದೆ ಸಿಕ್ಕಿಬಿದ್ದವರಿಗೆ ಪಾಠ ಹೇಳುವ ಶಾಲೆ ಎಂದುಕೊಳ್ಳುತ್ತಾರೆ. ಇಲ್ಲವೇ ದಂಡಪಿಂಡಗಳ ಶಾಲೆ. ಅಷ್ಟಕ್ಕೂ ದಂಡ ಸಂಸ್ಕೃತ, ಸಿಬ್ಬಂದಿ ಫಾರಸಿ. ಎರಡೂ ಎರವಲು. ಕನ್ನಡಕ್ಕೆ ‘ಪಡೆ’ ಇದೆ, ಸೇನಾಪತಿಗೆ ಹಳಗನ್ನಡದ ‘ಪಡೆವಳ’ ಇದೆ. ‘ಪಡೆಯೋಜಕರ ಕಲಿಮನೆ’ ಎನ್ನಿ.
— ಬಿ.

ಯೋಜಕ ಯಾವ ಊರಿನ ಕನ್ನಡವೋ!
— ಎಸ್.ಎನ್.

ಸಿಬ್ಬಂದಿಯನ್ನು ಅಷ್ಟು ಹಗುರಾಗಿ ತಳ್ಳಬೇಡಿ. ಮರಾಠಿಯ ಶಿಬಂದಿ ಕಂದಾಯ ವಸೂಲಿಗೆ, ಕಾವಲಿಗೆ ಸಂಬಳಕ್ಕಿಟ್ಟ ಸೈನಿಕರ ಗುಂಪು; ಫಾರಸಿಯಲ್ಲಿ ಮೂರು ತಿಂಗಳಿಗೊಮ್ಮೆ ಸಂಬಳ ಎಂಬುದರಿಂದ ಬಂತು ಎನ್ನುವ ವಿವರಣೆಯೂ ಇದೆ. ಅಂದರೆ ಪದ ಹುಟ್ಟಿದ್ದೇ ದಂಡಿನಲ್ಲಿ, ಆಮೇಲೆ ಕಚೇರಿಗೆ ಇಳಿಯಿತು. ಆದರೂ ಇವತ್ತಿನ ಓದುಗನಿಗೆ ಕಚೇರಿಯೇ ಕಾಣುವುದು, ಆದ್ದರಿಂದ ಫಲಕಕ್ಕೆ ಬೇಡ.

ವಿ.ಕೆ. ಅವರೇ, ‘ಸ್ಟಾಫ್ ಕಾಲೇಜು’ ಎಂದೇ ಇಡಿ. ಹಿಂದಿಯವರೂ ಸ್ಟಾಫ್ ಅನ್ನು ಮುಟ್ಟಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಯುದ್ಧಯೋಜನೆ ಮತ್ತು ಸೇನಾ ಆಡಳಿತ ಕಲಿಸುವ ಸಂಸ್ಥೆ’ ಎಂದರೆ ಸಾಕು. ಊರು ಕ್ವೆಟ್ಟಾ ಎಂದೇ ಇರಲಿ. ನೀಲಗಿರಿಯ ವೆಲಿಂಗ್ಟನ್ನಿಗೆ ನಮ್ಮ ಕಾಲೇಜು ಬಂದದ್ದು 1947ರ ವಿಭಜನೆಯ ಮೇಲೆ; ಕ್ವೆಟ್ಟಾದ್ದು ಪಾಕಿಸ್ತಾನದ ಕಾಲೇಜಾಗಿ ಉಳಿಯಿತು.

‘ಅಕಾಡೆಮಿ’ ಪೂರಾ ತಪ್ಪು. ಅಕಾಡೆಮಿಯಲ್ಲಿ ಕಲಿಯುವವರು ಇನ್ನೂ ಅಧಿಕಾರಿಗಳಾಗದ ಕೆಡೆಟ್‌ಗಳು: ಪುಣೆ ಬಳಿಯ ಖಡಕ್‌ವಾಸ್ಲಾದ ನಮ್ಮ ಅಕಾಡೆಮಿ, ಭಾರತೀಯ ಅಧಿಕಾರಿಗಳು ಕಟ್ಟಿಕೊಟ್ಟ ಇಥಿಯೋಪಿಯಾದ ಹರಾರ್ ಅಕಾಡೆಮಿ. ಸ್ಟಾಫ್ ಕಾಲೇಜಿಗೆ ಹೋಗುವವರು ಸುಮಾರಾಗಿ ಮೇಜರ್ ದರ್ಜೆಯವರು. ಲಂಡನ್ನಿನದು ಇನ್ನೂ ಮೇಲಿನವರಿಗೆ; 1970ರಲ್ಲಿ ಅದರ ಹೆಸರು ರಾಯಲ್ ಕಾಲೇಜ್ ಆಫ್ ಡಿಫೆನ್ಸ್ ಸ್ಟಡೀಸ್ ಆಯಿತು, 1947ರ ಸಾಲಿನಲ್ಲಿ ಹಳೆಯದೇ ಇರಬೇಕು. ದೆಹಲಿಯಲ್ಲಿ ಅದರ ಜೋಡಿ 1960ರ ರಾಷ್ಟ್ರೀಯ ರಕ್ಷಣಾ ಕಾಲೇಜು. ‘ರಕ್ಷಾ’ ಹಿಂದಿಯ ರೂಪ, ಕನ್ನಡದಲ್ಲಿ ‘ರಕ್ಷಣಾ’.

ಮೂರನೇ ಸಾಲಿಗೆ ‘ಸಿಬ್ಬಂದಿ ಮುಖ್ಯಸ್ಥ’ ಎಂದು ಬರೆದವರು ಈಗಿನ ಹುದ್ದೆಯನ್ನು ಹಿಂದಕ್ಕೆ ಎಳೆದಿದ್ದಾರೆ. ಚೀಫ್ ಆಫ್ ದಿ ಆರ್ಮಿ ಸ್ಟಾಫ್ ಎಂಬ ಹೆಸರು 1955ರಿಂದ. 1949ಕ್ಕೆ ‘ಮಹಾದಂಡನಾಯಕ’. ಎಸ್.ಎನ್. ಅವರ ಕೋಲಿಗೂ ಅಲ್ಲಿ ಜಾಗ ಸಿಕ್ಕಿತು.

ಒಳಫಲಕಗಳಿದ್ದರೆ ಇನ್ನೂ ಎರಡು ನೋಡಿ. ‘ಎಕ್ಸರ್‌ಸೈಜ್’ ವ್ಯಾಯಾಮ ಅಲ್ಲ, ತಾಲೀಮು ಅಥವಾ ಸಮರಾಭ್ಯಾಸ. ಸೈನಿಕರಿಲ್ಲದೆ ನೆಲ ನೋಡುತ್ತ ಅಧಿಕಾರಿಗಳಷ್ಟೇ ಮಾಡುವುದಕ್ಕೆ ‘ಪಡೆಯಿಲ್ಲದ ತಾಲೀಮು’ ಸರಿಹೋಗುತ್ತದೆ. ಅಧಿಕಾರಿಗಳು ಗುಂಪಾಗಿ ಕೂತು ಚರ್ಚಿಸುವ ‘ಸಿಂಡಿಕೇಟ್’ ಅನ್ನು ಹಾಗೇ ಬಿಟ್ಟರೆ ವಿಶ್ವವಿದ್ಯಾಲಯದ ಸಭೆಯೋ ಹಳೆಯ ಬ್ಯಾಂಕೋ ಎಂದು ಜನ ಗಲಿಬಿಲಿಗೊಳ್ಳುತ್ತಾರೆ. ‘ಚರ್ಚಾತಂಡ’ ಎನ್ನಿ.
— ಜಿ.ಪಿ.

‘ಮಿತ್ರರಾಷ್ಟ್ರಗಳ ಅಧಿಕಾರಿಗಳೂ ಕಲಿಯುತ್ತಾರೆ’ ಎಂದು ಇನ್ನೊಂದು ಫಲಕದಲ್ಲಿ ವೆಲಿಂಗ್ಟನ್ ಬಗ್ಗೆ ಇದೆ. ಇಡಲೇ?
— ವಿ.ಕೆ.

ಬೇಡ. ಪಠ್ಯಪುಸ್ತಕ ಓದಿದವನಿಗೆ ಅದು ಎರಡನೇ ಮಹಾಯುದ್ಧದ ಬಣ. ‘ಸ್ನೇಹಪರ ದೇಶಗಳ’ ಎಂದು ಬದಲಿಸಿ.
— ಜಿ.ಪಿ.

‘ಕೆಳೆನಾಡುಗಳ’!
— ಬಿ.

ಸ್ಟಾಫ್ ಕಾಲೇಜು, ಇಂಪೀರಿಯಲ್ ಡಿಫೆನ್ಸ್ ಕಾಲೇಜು, ಮಹಾದಂಡನಾಯಕ, ಸ್ನೇಹಪರ ದೇಶಗಳು: ಇಷ್ಟು ಮುದ್ರಣಕ್ಕೆ ಹೋಯಿತು. ಎಲ್ಲರಿಗೂ ನಮಸ್ಕಾರ.
— ವಿ.ಕೆ.

ನಾಲ್ಕರಲ್ಲಿ ಒಂದಾದರೂ ಕನ್ನಡ ತೋರಿಸಿ.
— ಬಿ.

‘ಗಳು’.
— ಎಸ್.ಎನ್.