ಲೈನ್ ಸಡಿಲವಾಗಿ ಒಳಕ್ಕೆ ವಾಲುವ ಹಳೆಯ ಕಂಟ್ರೋಲ್‌ಲೈನ್ ವಿಮಾನ: ಸಹಾಯ ಬೇಕು

ಹಳೇರೆಕ್ಕೆ, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಬೆಂಗಳೂರಿನಲ್ಲಿ ಎನ್‌ಸಿಸಿ ವಾಯು ವಿಭಾಗದಲ್ಲಿದ್ದಾಗ ಕಟ್ಟಿದ ಕಂಟ್ರೋಲ್‌ಲೈನ್ ವಿಮಾನವೊಂದು (ನಡುವೆ ನಿಂತು ಎರಡು ತಂತಿಗಳಿಂದ ಹಿಡಿದು ಸುತ್ತ ಹಾರಿಸುವ ಮಾದರಿ ವಿಮಾನ) ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದಿದೆ. ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರು. ಅತ್ತೆ ಅದನ್ನು ಕೈಗಿಡುವಾಗ, "ಹಾರಿಸುವುದಾದರೆ ತೆಗೆದುಕೊಂಡು ಹೋಗು, ಗೋಡೆಗೆ ತೂಗುಹಾಕುವುದಾದರೆ ಬೇಡ" ಎಂದರು. ಆ ಮಾತಿಗೆ ಕಟ್ಟುಬಿದ್ದು ಆರು ತಿಂಗಳಿಂದ ಅದರ ಹಿಂದೆ ಬಿದ್ದಿದ್ದೇನೆ.

ರೆಕ್ಕೆಯ ಉದ್ದ 90 ಸೆಂ.ಮೀ., ಅಗಲ 18 ಸೆಂ.ಮೀ. ಒಡಲು ಒಂದೇ ಬಾಲ್ಸಾ ಹಲಗೆಯದು. 2.5 ಸಿಸಿ ಡೀಸೆಲ್ ಎಂಜಿನ್, 9×6 ಪ್ರೊಪೆಲ್ಲರ್. ಒಟ್ಟು ತೂಕ 600 ಗ್ರಾಂ. ಲೈನ್ 0.3 ಮಿ.ಮೀ. ಉಕ್ಕಿನ ತಂತಿ, ಹ್ಯಾಂಡಲ್‌ನಿಂದ ವಿಮಾನದ ನಡುವಿಗೆ 16 ಮೀಟರ್.

ಎಂಜಿನ್ ಕಲ್ಲಿನಂತೆ ಬಿಗಿದುಕೊಂಡಿತ್ತು. ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಮಾಡಿ ಬಿಡಿಸಿದೆ. ಹಳೆಯ ಟಿಶ್ಯೂ ಕಾಗದ ಮುಟ್ಟಿದರೆ ಪುಡಿಯಾಗುತ್ತಿತ್ತು. ಪೂರ್ತಿ ಕಿತ್ತು, ಒಳಗಿನ ಹಳೆಯ ಅಂಟಿನ ಗಡ್ಡೆಗಳನ್ನೆಲ್ಲ ಕೆರೆದು ಹಗುರಗೊಳಿಸಿ, ಹೊಸ ಟಿಶ್ಯೂ ಹೊದಿಸಿ ಅದನ್ನು ಬಿಗಿಗೊಳಿಸುವ ಡೋಪ್ ಎಂಬ ಮೆರುಗೆಣ್ಣೆ ಬಳಿದೆ. ಬಾಲಕ್ಕೆ ಕೆಂಪು ಎನಾಮಲ್ ಹೊಡೆದೆ. ಕಾಗದ ಹೊದಿಸುವ ಮುಂಚಿನ ಚಿತ್ರಗಳನ್ನೂ ಹಾಕಿದ್ದೇನೆ. ಬಲ ರೆಕ್ಕೆಯ ತುದಿಯ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಮೇಲೆ ಮಾವನ ಅಕ್ಷರದಲ್ಲಿ ಪೆನ್ಸಿಲಿನ ಗುರುತು ಇನ್ನೂ ಉಳಿದಿದೆ, ನೋಡಿ.

ತೊಂದರೆ ಇದು. ವಿಮಾನ ನೆಲ ಬಿಟ್ಟು ಏಳುತ್ತದೆ. ಅರ್ಧ ಸುತ್ತು ಕಳೆದು ಗಾಳಿ ಬರುವ ಕಡೆಗೆ ಹೋದೊಡನೆ ಎಡ ರೆಕ್ಕೆ ಕೆಳಗಾಗಿ ನನ್ನ ಕಡೆಗೇ ವಾಲುತ್ತದೆ. ಲೈನ್ ಜೋತುಬೀಳುತ್ತದೆ, ಹ್ಯಾಂಡಲ್ ಆಡಿಸಿದರೆ ಏನೂ ಆಗುವುದಿಲ್ಲ. ಎರಡು ಸಲ ಹಿಂದಕ್ಕೆ ಓಡಿ ಉಳಿಸಿಕೊಂಡೆ. ಮೂರನೆಯ ಸಲ ಮೂಗು ನೆಲಕ್ಕೆ ಬಡಿದು ಪ್ರೊಪೆಲ್ಲರ್ ಮುರಿಯಿತು. ನೇರವಾಗಿ ಹಾರುವಾಗಲೂ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ, ಏರುತ್ತಾ ಇಳಿಯುತ್ತಾ ಸಾಗುತ್ತದೆ. ಬೆಲ್‌ಕ್ರ್ಯಾಂಕ್ (ತಂತಿಗಳ ಎಳೆತವನ್ನು ಬಾಲಕ್ಕೆ ದಾಟಿಸುವ ಸನ್ನೆ) ತೆಗೆದು ಬೇರೆ ಹಾಕಬೇಕೆ? ರೆಕ್ಕೆ ಮತ್ತೆ ಬಿಚ್ಚುವುದಕ್ಕೆ ಮನಸ್ಸು ಬರುತ್ತಿಲ್ಲ.

ಎರಡುದಾರ, ಸೋಮವಾರ ಬೆಳಿಗ್ಗೆ

ಬೆಲ್‌ಕ್ರ್ಯಾಂಕ್ ಮಾತು ಆಮೇಲೆ. ಮೈದಾನದ ಚಿತ್ರದಲ್ಲಿ ಬೇಲಿಯಾಚೆ ವಿದ್ಯುತ್ ಕಂಬಗಳು ಕಾಣುತ್ತಿವೆ. ನೀವು ಹಿಡಿದಿರುವುದು ಉಕ್ಕಿನ ತಂತಿ. ತಂತಿ ಸಡಿಲವಾಗಿ ವಿಮಾನ ಎತ್ತೆತ್ತಲೋ ಹೋಗುತ್ತಿರುವಾಗ ಅದು ಆ ವಿದ್ಯುತ್ ಲೈನಿಗೆ ತಗುಲಿದರೆ ನಿಮ್ಮ ಜೀವಕ್ಕೇ ಅಪಾಯ. ದಯವಿಟ್ಟು ಆ ಮೈದಾನದಲ್ಲಿ ಇನ್ನು ಒಂದು ಸುತ್ತೂ ಹಾರಿಸಬೇಡಿ. ಬೇರೆ ಜಾಗ ಸಿಗುವವರೆಗೆ ಮೇಜಿನ ಮೇಲಿನ ಕೆಲಸ ಮಾಡೋಣ, ಅದೂ ಸಾಕಷ್ಟಿದೆ.

1940ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್ ತಮ್ಮ 'ಫೈರ್‌ಬಾಲ್' ವಿಮಾನದ ಮೂಲಕ ಮನೆಮಾತು ಮಾಡಿದ ವ್ಯವಸ್ಥೆ ಇವತ್ತಿಗೂ ಅದೇ: ಎರಡು ತಂತಿ, ರೆಕ್ಕೆಯೊಳಗೊಂದು ಬೆಲ್‌ಕ್ರ್ಯಾಂಕ್, ಅಲ್ಲಿಂದ ಬಾಲದ ಎಲಿವೇಟರ್‌ಗೆ (ಮೂಗನ್ನು ಮೇಲೆ ಕೆಳಗೆ ಮಾಡುವ ಪಟ್ಟಿಗೆ) ಒಂದು ಕಡ್ಡಿ. ಕೆಡುವ ಜಾಗಗಳು ಬೆರಳೆಣಿಕೆಯಷ್ಟು. ಒಂದೊಂದಾಗಿ ನೋಡಿದರೆ ರೆಕ್ಕೆ ಬಿಚ್ಚುವ ಪ್ರಮೇಯ ಬರಲಿಕ್ಕಿಲ್ಲ.

ನಿಮ್ಮ ವಿಮಾನ ಲೈನಿನ ಬಿಗಿಯೊಂದನ್ನೇ ನಂಬಿ ಹಾರುತ್ತದೆ, ಆ ಬಿಗಿ ಬರುವುದು ವೇಗದಿಂದ. 16 ಮೀಟರ್ ಲೈನಿನಲ್ಲಿ ಒಂದು ಸುತ್ತು ಎಂದರೆ 100 ಮೀಟರ್. 5 ಸೆಕೆಂಡಿಗೆ ಒಂದು ಸುತ್ತು ಬಂದರೆ 600 ಗ್ರಾಂ ವಿಮಾನ ಕೈಯನ್ನು ಸುಮಾರು ಒಂದೂವರೆ ಕಿಲೋ ಎಳೆಯುತ್ತದೆ. ಸುತ್ತಿಗೆ 7 ಸೆಕೆಂಡ್ ಹಿಡಿದರೆ ಎಳೆತ ಅದರ ಅರ್ಧಕ್ಕೆ ಇಳಿಯುತ್ತದೆ. ಮೇಲಕ್ಕೆ 45 ಡಿಗ್ರಿ ಏರಿಸಿದಾಗ ವಿಮಾನದ ತೂಕವೂ ಒಳಮುಖವಾಗಿ ಎಳೆಯುವುದರಿಂದ ಇನ್ನೂ 400 ಗ್ರಾಂನಷ್ಟು ಕಳೆಯಬೇಕು. ಆಗ ಉಳಿಯುವುದು ಮುನ್ನೂರೈವತ್ತು ಗ್ರಾಂ. ಒಂದು ಬೀಸು ಗಾಳಿ ಸಾಕು.

ಹೇಳಿ: ಹಾರಾಟದ ವಿಡಿಯೋ ಇದ್ದರೆ ಹತ್ತು ಸುತ್ತಿಗೆ ಎಷ್ಟು ಸೆಕೆಂಡ್? ಖಾಲಿ ಟ್ಯಾಂಕಿನಲ್ಲಿ ರೆಕ್ಕೆಯ ಮುಂದಿನ ಅಂಚಿನಿಂದ ಎಷ್ಟು ಮಿ.ಮೀ. ಹಿಂದೆ ಬೆರಳಿಟ್ಟರೆ ವಿಮಾನ ಸಮವಾಗಿ ನಿಲ್ಲುತ್ತದೆ? ಗಾಳಿಗೆ ಯಾವ ದಿಕ್ಕಿನಲ್ಲಿ ನಿಲ್ಲಿಸಿ ಬಿಡುತ್ತಿದ್ದೀರಿ?

ಹಳೇರೆಕ್ಕೆ, ಸೋಮವಾರ ರಾತ್ರಿ

ಸರ್, ಕಂಬಗಳನ್ನು ನಾನು ಗಮನಿಸಿಯೇ ಇರಲಿಲ್ಲ. ಆ ಮೈದಾನ ಬಿಟ್ಟೆ. ಊರಾಚೆ ಕೆರೆಯಂಗಳವೊಂದಿದೆ, ಸುತ್ತ ಕಂಬವಿಲ್ಲ, ನಾಳೆ ಹೋಗಿ ನೋಡುತ್ತೇನೆ.

ತಂಗಿ ತೆಗೆದ ವಿಡಿಯೋದಲ್ಲಿ ಎಣಿಸಿದೆ. ಗಾಳಿಯಿಲ್ಲದ ಒಂದು ಮುಂಜಾನೆ ಅದು ಪೂರ್ತಿ ಹಾರಿದ್ದಿದೆ; ಆಗ ಹತ್ತು ಸುತ್ತಿಗೆ 68 ಸೆಕೆಂಡ್. ವಿಮಾನ ಸಮವಾಗಿ ನಿಲ್ಲುವುದು 48 ಮಿ.ಮೀ.ಗೆ. ಗಾಳಿ ಪಶ್ಚಿಮದಿಂದ ಬರುತ್ತದೆ. ನಾನು ವಿಮಾನವನ್ನು ನನ್ನ ಪೂರ್ವಕ್ಕೆ ನಿಲ್ಲಿಸಿ ಬಿಡುತ್ತಿದ್ದೆ, ಎಂದಿನಂತೆ ಅಪ್ರದಕ್ಷಿಣವಾಗಿ. ಎಂಜಿನ್ ಮೊದಲ ನಿಮಿಷ ಚೆನ್ನಾಗಿದ್ದು ಆಮೇಲೆ ದನಿ ಕುಗ್ಗುತ್ತದೆ. ಹೊರಬರುವ ಎಣ್ಣೆ ಕಾಡಿಗೆಯಂತಿರುತ್ತದೆ.

ಹರಳೆಣ್ಣೆ, ಸೋಮವಾರ ರಾತ್ರಿ

ಎಂಜಿನ್ ವಿಷಯ ನಾನು ಹೇಳುತ್ತೇನೆ. ಇಂಧನ ಯಾವಾಗ ಬೆರೆಸಿದ್ದು, ಯಾವುದರಲ್ಲಿ ಇಟ್ಟಿದ್ದೀರಿ?

ಹಳೇರೆಕ್ಕೆ, ಸೋಮವಾರ ರಾತ್ರಿ

ಮೇಡಂ, ಎರಡು ತಿಂಗಳಾಯಿತು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಸಮಪಾಲು. ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿದೆ, ಅರ್ಧ ಖಾಲಿಯಾಗಿದೆ.

ಹರಳೆಣ್ಣೆ, ಮಂಗಳವಾರ ಬೆಳಿಗ್ಗೆ

ಹಾಗಾದರೆ ನಿಮ್ಮ ಬಾಟಲಿಯಲ್ಲಿರುವುದು ಹೆಚ್ಚಿನಂಶ ಸೀಮೆಎಣ್ಣೆ ಮತ್ತು ಹರಳೆಣ್ಣೆ. ಈಥರ್ 35 ಡಿಗ್ರಿಗೇ ಕುದಿಯುತ್ತದೆ. ನಮ್ಮ ಬೇಸಿಗೆಯ ಮಧ್ಯಾಹ್ನ ಅದಕ್ಕೆ ಸಾಕು. ಅರ್ಧ ಖಾಲಿ ಬಾಟಲಿಯನ್ನು ಪ್ರತಿ ಸಲ ತೆರೆದಾಗಲೂ ಒಂದಿಷ್ಟು ಹಾರಿಹೋಗಿರುತ್ತದೆ. ಈ ಎಂಜಿನ್‌ನಲ್ಲಿ ಕಿಡಿಯಿಲ್ಲ, ಹೊತ್ತಿಕೊಳ್ಳುವುದು ಒತ್ತಡದ ಬಿಸಿಯಿಂದ. ಹಾಗೆ ಸುಲಭವಾಗಿ ಹೊತ್ತುವುದು ಈಥರ್ ಮಾತ್ರ. ಅದು ಕಡಿಮೆಯಾದಾಗ ಎಂಜಿನ್ ಎಬ್ಬಿಸಲು ನೀವು ತಲೆಯ ಮೇಲಿನ ಸ್ಕ್ರೂ ತಿರುಗಿಸಿ ಒತ್ತಡ ಏರಿಸುತ್ತೀರಿ. ಎಂಜಿನ್ ಕಾದ ಮೇಲೆ ಆ ಒತ್ತಡ ಅತಿಯಾಗಿ ವೇಗ ಬೀಳುತ್ತದೆ, ಎಣ್ಣೆ ಕಪ್ಪಾಗುತ್ತದೆ. ನಿಮ್ಮ 68 ಸೆಕೆಂಡಿನ ನಿಧಾನಕ್ಕೆ ಬಹುಪಾಲು ಕಾರಣ ಇಲ್ಲೇ ಇದೆ ಎಂದು ನನ್ನ ಅಂದಾಜು.

ಹೊಸದಾಗಿ ಸ್ವಲ್ಪವೇ ಬೆರೆಸಿ. ಕಪ್ಪು ಗಾಜಿನ ಬಾಟಲಿ ಅಥವಾ ಲೋಹದ ಡಬ್ಬಿ, ಕಂಠದವರೆಗೆ ತುಂಬಿಸಿ, ಬಿಗಿ ಮುಚ್ಚಳ ಹಾಕಿ. ಬಯಲಿನಲ್ಲಿ ನಿಂತು ಬೆರೆಸಿ. ಈಥರ್ ಆವಿ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ತಲುಪಬಲ್ಲದು. ವರ್ಷಗಟ್ಟಲೆ ಇಟ್ಟ ಹಳೆಯ ಈಥರ್ ಸಿಕ್ಕಿದರೆ ಅದನ್ನು ತೆರೆಯಲೂ ಬೇಡಿ, ಅದರಲ್ಲಿ ಸಿಡಿಯುವ ಪೆರಾಕ್ಸೈಡ್ ಕೂಡಿಕೊಂಡಿರಬಹುದು.

ಒತ್ತಡದ ಸ್ಕ್ರೂವನ್ನು ಅರ್ಧ ಸುತ್ತು ಹಿಂದಕ್ಕೆ ತೆಗೆದು ಆರಂಭಿಸಿ, ಎದ್ದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ, ಕಾದ ಮೇಲೆ ಒಂದಿಷ್ಟು ಇಳಿಸಿ. ಪ್ರೊಪೆಲ್ಲರ್ ತಿರುಗಿಸುವಾಗ ಬೆರಳಿಗೆ ಗೋಡೆಯಂತೆ ತಡೆದರೆ ಬಲವಂತ ಮಾಡಬೇಡಿ. ಒಳಗೆ ಇಂಧನ ತುಂಬಿಕೊಂಡಿದ್ದರೆ ಬಾಗುವುದು ಕನೆಕ್ಟಿಂಗ್ ರಾಡ್. ಒಣಗಿದ ಹರಳೆಣ್ಣೆಯನ್ನು ಬಿಸಿ ಮಾಡಿ ಬಿಡಿಸಿದ್ದು ಸರಿಯಾದ ಕ್ರಮ, ಅವಸರಪಡದೆ ಮಾಡಿದ್ದೀರಿ.

ಎರಡುದಾರ, ಮಂಗಳವಾರ ಮಧ್ಯಾಹ್ನ

ಮೇಡಂ ಹೇಳಿದ್ದು ನೂರಕ್ಕೆ ನೂರು. ಆದರೆ ವೇಗ ಬಂದ ಮಾತ್ರಕ್ಕೆ ಎಡ ರೆಕ್ಕೆ ಬೀಳುವುದು ನಿಲ್ಲುವುದಿಲ್ಲ. ರಾತ್ರಿ ನಿಮ್ಮ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಾ ಕುಳಿತಿದ್ದೆ. ತುದಿಯ ರಿಬ್ ಮೇಲಿನ ಪೆನ್ಸಿಲ್ ಗುರುತು '14' ಎಂದು ಓದಿಸಿಕೊಳ್ಳುತ್ತದೆ. ಅದು ಏನೆಂದುಕೊಂಡಿರಿ?

ಹಳೇರೆಕ್ಕೆ, ಮಂಗಳವಾರ ಸಂಜೆ

ರಿಬ್‌ನ ಕ್ರಮಸಂಖ್ಯೆ ಎಂದುಕೊಂಡೆ ಸರ್. ಎಡತುದಿಯಿಂದ ಎಣಿಸಿದರೆ ಹದಿನಾಲ್ಕನೆಯದು.

ಎರಡುದಾರ, ಮಂಗಳವಾರ ಸಂಜೆ

ಒಮ್ಮೆ ಎಣಿಸಿ ನೋಡಿ. ಚಿತ್ರದಲ್ಲಿ ನನಗೆ ಸಿಗುವುದು 13. ಬೇರೆ ಯಾವ ರಿಬ್ ಮೇಲೂ ಸಂಖ್ಯೆಯಿಲ್ಲ. ಜೊತೆಗೆ ಆ ರಿಬ್‌ನ ಪಕ್ಕದಲ್ಲಿ ಬೆರಳಿನ ತುದಿಯಷ್ಟು ಜಾಗದಲ್ಲಿ ಮರದ ಬಣ್ಣ ಬೇರೆಯಾಗಿದೆ, ಏನೋ ಅಂಟಿದ್ದನ್ನು ಎಬ್ಬಿಸಿದಂತೆ. ನೀವು ಕೆರೆದು ತೆಗೆದ "ಅಂಟಿನ ಗಡ್ಡೆ"ಗಳಲ್ಲಿ ಯಾವುದಾದರೂ ಭಾರವಾಗಿತ್ತೆ?

ಹಳೇರೆಕ್ಕೆ, ಬುಧವಾರ ರಾತ್ರಿ

ಸರ್, 13 ರಿಬ್‌ಗಳೇ ಇವೆ.

ಕಸಕ್ಕೆ ಹಾಕದೆ ಸ್ಕ್ರೂ ಡಬ್ಬಿಯಲ್ಲಿ ಎಸೆದಿದ್ದೆ, ಪುಣ್ಯ. ಹುಡುಕಿದಾಗ ಸಿಕ್ಕಿತು. ಮೇಲೆ ಒಣಗಿದ ಅಂಟು ಜೇನಿನ ಬಣ್ಣಕ್ಕೆ ತಿರುಗಿದೆ, ಅದರೊಳಗೆ ಟಿಶ್ಯೂ ಕಾಗದದ ಸುತ್ತು, ಅದರೊಳಗೆ ಚಪ್ಪಟೆಗೆ ಬಡಿದ ಸೀಸದ ತುಂಡು. ಉಗುರಿನಿಂದ ಗೀರಿದರೆ ಬೆಳ್ಳಗೆ ಹೊಳೆಯಿತು. ಬೀದಿಯ ಕೊನೆಯ ಒಡವೆ ಅಂಗಡಿಯವರನ್ನು ಕೇಳಿಕೊಂಡು ತೂಗಿಸಿದೆ. 14.1 ಗ್ರಾಂ.

ತಕ್ಕಡಿಯ ಮೇಲೆ ಆ ಸಂಖ್ಯೆ ಕಂಡಾಗ ಮಾವ ಎದುರಿಗೇ ನಿಂತು ಹೇಳಿದ ಹಾಗಾಯಿತು. ಆದರೆ ಸರ್, 600 ಗ್ರಾಂ ವಿಮಾನಕ್ಕೆ ಈ 14 ಗ್ರಾಂ ಅಷ್ಟು ಮುಖ್ಯವೆ?

ಎರಡುದಾರ, ಗುರುವಾರ ಬೆಳಿಗ್ಗೆ

ಬಹಳ ಮುಖ್ಯ. ನಿಮ್ಮ ಎರಡೂ ತಂತಿಗಳ ತೂಕ ಲೆಕ್ಕ ಹಾಕಿದರೆ ಸುಮಾರು 18 ಗ್ರಾಂ. ಅದರ ಅರ್ಧದಷ್ಟನ್ನು ನೀವು ಹಿಡಿದಿರುತ್ತೀರಿ, ಉಳಿದರ್ಧ ಸದಾ ಎಡ ರೆಕ್ಕೆಯ ತುದಿಯಿಂದ ಜೋತಾಡುತ್ತಿರುತ್ತದೆ. ಬೆಲ್‌ಕ್ರ್ಯಾಂಕ್‌ನಿಂದ ರೆಕ್ಕೆಯ ತುದಿಯಾಚೆ ಬರುವ ಲೀಡ್‌ಔಟ್ ತಂತಿಗಳ ಭಾರವೂ ಆ ಕಡೆಗೇ. ಪ್ರೊಪೆಲ್ಲರ್ ಬಲಕ್ಕೆ ತಿರುಗುವುದರ ಪ್ರತಿಕ್ರಿಯೆಯೂ ಎಡ ರೆಕ್ಕೆಯನ್ನೇ ಕೆಳಕ್ಕೆ ಒತ್ತುತ್ತದೆ. ಬಲತುದಿಯ ಸೀಸ ಇದನ್ನೆಲ್ಲ ಸರಿದೂಗಿಸುತ್ತಿತ್ತು. ಅದನ್ನು ತೆಗೆದಾಗಿನಿಂದ ವಿಮಾನ ನಿಮ್ಮ ಕಡೆಗೆ ವಾಲಿಕೊಂಡೇ ಹಾರುತ್ತಿದೆ. ವಾಲಿದ ರೆಕ್ಕೆ ವಿಮಾನವನ್ನು ಒಳಕ್ಕೆ ಒಯ್ಯುತ್ತದೆ, ವೇಗವಿಲ್ಲದ ಲೈನ್ ತಡೆಯಲಾರದು, ಗಾಳಿ ಉಳಿದ ಕೆಲಸ ಮುಗಿಸುತ್ತದೆ. ನಿಮ್ಮ ಮಾವ ಹಾರಿಸಿ, ಇಳಿಸಿ, ಸೀಸ ಕತ್ತರಿಸಿ, ಮತ್ತೆ ಹಾರಿಸಿ ಆ ಸಂಖ್ಯೆಗೆ ಬಂದಿರುತ್ತಾರೆ. ಹಳೆಯ ವಿಮಾನದಲ್ಲಿ ಅರ್ಥವಾಗದ ವಸ್ತು ಸಿಕ್ಕರೆ ತೆಗೆಯುವ ಮುಂಚೆ ತೂಗಿ, ಚಿತ್ರ ತೆಗೆದು, ಎಲ್ಲಿತ್ತೆಂದು ಬರೆದಿಡಿ.

ತುದಿಯ ಕಾಗದದಲ್ಲಿ ಸಣ್ಣ ಕಿಟಕಿ ಕೊಯ್ದು ಅದೇ ಜಾಗಕ್ಕೆ ಎಪಾಕ್ಸಿಯಿಂದ ಕೂರಿಸಿ. ಸಡಿಲವಾದ ಸೀಸ ಹಾರಾಟದಲ್ಲಿ ಗುಂಡಿನಂತೆ ಹೊರಬರುತ್ತದೆ, ಆದ್ದರಿಂದ ಮೇಲೊಂದು ತೆಳು ಪ್ಲೈ ಚೂರು ಮುಚ್ಚಿ.

ಏರಿಳಿತಕ್ಕೆ ಕಾರಣ ಬಾಲದ ಎನಾಮಲ್. ಅದರ ಭಾರಕ್ಕೆ ವಿಮಾನ ಸಮವಾಗಿ ನಿಲ್ಲುವ ಬಿಂದು 48 ಮಿ.ಮೀ.ಗೆ ಸರಿದು ಬಹಳ ಹಿಂದಾಯಿತು, 38ರ ಆಸುಪಾಸಿಗೆ ತನ್ನಿ. ಬಾಲದಲ್ಲಿ ಒಂದು ಗ್ರಾಂ ತೆಗೆಯುವುದು ಮೂಗಿನಲ್ಲಿ ಎರಡೂವರೆ ಗ್ರಾಂ ಸೇರಿಸಿದ್ದಕ್ಕೆ ಸಮ. ಮೊದಲು ಬಣ್ಣ ಉಜ್ಜಿ ತೆಗೆಯಿರಿ.

ಇನ್ನು ಬಿಡುವ ದಿಕ್ಕು. ಗಾಳಿ ಪಶ್ಚಿಮದಿಂದ ಬಂದರೆ ವಿಮಾನವನ್ನು ನಿಮ್ಮ ದಕ್ಷಿಣಕ್ಕೆ, ಮೂಗು ಪೂರ್ವಕ್ಕೆ ಮಾಡಿ ನಿಲ್ಲಿಸಿ. ಗಾಳಿ ಬಾಲದ ಮೇಲಿರುತ್ತದೆ. ನೆಲ ಬಿಟ್ಟೇಳುವ ಹೊತ್ತಿಗೆ ವಿಮಾನ ಪೂರ್ವಕ್ಕೆ ಬಂದಿರುತ್ತದೆ, ಅಲ್ಲಿ ಗಾಳಿಯೇ ಅದನ್ನು ಹೊರಕ್ಕೆ ದೂಡಿ ಲೈನ್ ಬಿಗಿ ಮಾಡಿಕೊಡುತ್ತದೆ.

ಪ್ಲೈಮರ, ಗುರುವಾರ ಸಂಜೆ

ಎರಡು ಮಾತು ಸೇರಿಸುತ್ತೇನೆ. ಬೆಲ್‌ಕ್ರ್ಯಾಂಕ್ ಅಲುಗದಂತೆ ಲೀಡ್‌ಔಟ್‌ಗಳನ್ನು ಹಿಡಿದು ಎಲಿವೇಟರ್ ಅಂಚನ್ನು ಬೆರಳಿನಿಂದ ಆಡಿಸಿ. ಒಂದು ಮಿ.ಮೀ.ಗಿಂತ ಹೆಚ್ಚು ಆಡಿದರೆ ಎಲಿವೇಟರಿಗೆ ಕಡ್ಡಿ ಸೇರುವ ಹಾರ್ನ್‌ನ ತೂತು ಸವೆದಿದೆ, ಅದಕ್ಕೆ ಹಿತ್ತಾಳೆಯ ಬುಶ್ (ಸಣ್ಣ ಕೊಳವೆ) ಹಾಕಿ. ಎರಡನೆಯದು, ಎಂಜಿನ್ ಕೂರಿಸುವ ಮರ ಹಳೆಯ ಎಣ್ಣೆ ಕುಡಿದು ಕಪ್ಪಾಗಿದೆ, ಅದರ ಮೇಲೆ ಯಾವ ಅಂಟೂ ನಿಲ್ಲದು. ಅಸಿಟೋನ್‌ನಲ್ಲಿ ಒರೆಸಿ, ಟಾಲ್ಕಮ್ ಪುಡಿ ಮೆತ್ತಿ ಒಂದು ರಾತ್ರಿ ಬಿಡಿ, ಪುಡಿ ಬಿಳಿಯಾಗಿಯೇ ಉಳಿಯುವವರೆಗೆ ಮತ್ತೆ ಮತ್ತೆ ಮಾಡಿ. ಹಾರಿಸುವ ಮುಂಚೆ ಹ್ಯಾಂಡಲ್ ಅನ್ನು ಗೂಟಕ್ಕೆ ಕಟ್ಟಿ ವಿಮಾನದ ಕಡೆಯಿಂದ ಸ್ಪ್ರಿಂಗ್ ತಕ್ಕಡಿಯಲ್ಲಿ 6 ಕಿಲೋ ಎಳೆದು ನೋಡಿ. ಬಿಟ್ಟುಹೋಗುವುದಿದ್ದರೆ ಅಲ್ಲೇ ಬಿಟ್ಟುಹೋಗಲಿ.

ಹಳೇರೆಕ್ಕೆ, ಮುಂದಿನ ಭಾನುವಾರ ಮಧ್ಯಾಹ್ನ

ಹಾರಿತು!

ಬಾಲದಿಂದ 9 ಗ್ರಾಂ ಬಣ್ಣ ಬಂತು. ಮೂಗಿಗೆ 12 ಗ್ರಾಂನ ಹಿತ್ತಾಳೆ ನಟ್ ಹಾಕಿದೆ. ಈಗ 38 ಮಿ.ಮೀ.ಗೆ ಸರಿಯಾಗಿ ನಿಲ್ಲುತ್ತದೆ. ಎಲಿವೇಟರ್ 4 ಮಿ.ಮೀ. ಆಡುತ್ತಿತ್ತು, ಬುಶ್ ಹಾಕಿಸಿದ ಮೇಲೆ ಅಲುಗುವುದೇ ಇಲ್ಲ. 6 ಕಿಲೋ ಎಳೆದಾಗ ಲೈನಿನ ಒಂದು ಗಂಟು ಜಾರಿತು, ಅದನ್ನು ಹೊಸದಾಗಿ ಕಟ್ಟಿದೆ. ಹೊಸ ಇಂಧನಕ್ಕೆ ಎಂಜಿನ್ ನಾಲ್ಕನೆಯ ಏಟಿಗೆ ಎದ್ದಿತು.

ಹತ್ತು ಸುತ್ತಿಗೆ 51 ಸೆಕೆಂಡ್. ಗಾಳಿಯಿದ್ದ ಕಡೆಗೆ ಬಂದಾಗ ನಾನು ಉಸಿರು ಬಿಗಿಹಿಡಿದು ಒಂದು ಹೆಜ್ಜೆ ಹಿಂದಿಡಲು ಸಿದ್ಧನಾಗಿದ್ದೆ, ಬೇಕಾಗಲಿಲ್ಲ. ಬಲ ರೆಕ್ಕೆ ಕೂದಲೆಳೆಯಷ್ಟು ತಗ್ಗಿಸಿಕೊಂಡು, ಕೈಯನ್ನು ಎಳೆಯುತ್ತಾ ಒಂದೇ ಎತ್ತರದಲ್ಲಿ ಸುತ್ತಿತು. ಅತ್ತೆ ಕೆರೆಯ ಏರಿಯ ಮೇಲೆ ಕೊಡೆ ಹಿಡಿದು ಕುಳಿತಿದ್ದರು. ಇಳಿದ ಮೇಲೆ ಹತ್ತಿರ ಬಂದು ಮೂಸಿ ನೋಡಿ, "ಅವರ ಅಂಗಿಯೆಲ್ಲ ಇದೇ ವಾಸನೆ ಇರುತ್ತಿತ್ತು" ಎಂದರು.

ಮುಂದಿನ ವಾರ ನಾನು ಊರಲ್ಲಿರುವುದಿಲ್ಲ. ಎಂಜಿನ್ ಮತ್ತೆ ಬಿಗಿದುಕೊಳ್ಳದಂತೆ ಹೇಗೆ ಇಡಬೇಕು ಮೇಡಂ?

ಹರಳೆಣ್ಣೆ, ಭಾನುವಾರ ಸಂಜೆ

ಓದಿ ಬಹಳ ಸಂತೋಷವಾಯಿತು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಟ್ಯಾಂಕಿನಲ್ಲಿ ಒಂದು ಹನಿಯೂ ಉಳಿಯದಂತೆ ಸಿರಿಂಜಿನಿಂದ ಹೀರಿ ತೆಗೆಯಿರಿ. ಒತ್ತಡದ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ. ಗಾಳಿ ಎಳೆಯುವ ಬಾಯಿಗೂ ಹೊಗೆ ಬರುವ ಕಿಂಡಿಗೂ ಮೂರು ಮೂರು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಪ್ರೊಪೆಲ್ಲರನ್ನು ಕೈಯಲ್ಲಿ ಹತ್ತು ಸಲ ತಿರುಗಿಸಿ. ಹರಳೆಣ್ಣೆ ಬೇಡ, ಅದೇ ಮತ್ತೆ ಅಂಟಾಗುತ್ತದೆ. ಎಂಜಿನ್‌ಗೆ ಹತ್ತಿ ಬಟ್ಟೆ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವ ಹಿಡಿಯುತ್ತದೆ.